ಲೀಡ್ಸ್‌ನಲ್ಲಿ ಪತ್ರ ಬರುತ್ತೆ, ಧಾರವಾಡದಲ್ಲಿ ಯಾಕೆ ಬರಲ್ಲ?

ಪ್ರಶ್ನೆ: ನನಗೆ 47 ವರ್ಷ, ಧಾರವಾಡದಲ್ಲಿ ಶಾಲಾ ಶಿಕ್ಷಕಿ. ಮಗಳಿಗೆ 26, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸದಲ್ಲಿದ್ದಾಳೆ, ಮದುವೆಯಾಗಿದೆ. ಗರ್ಭಚೀಲದ ಬಾಯಿಯ ಪರೀಕ್ಷೆಗೆ ಬನ್ನಿ ಅಂತ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯವರು ಅವಳಿಗೆ ಪತ್ರ ಕಳಿಸಿದ್ದಾರೆ. ಎದೆಯ ಪರೀಕ್ಷೆ ಮಾತ್ರ 50 ಆದ ಮೇಲೆ ಅಂತೆ. ನ್ಯೂಜೆರ್ಸಿಯಲ್ಲಿರುವ ಅಕ್ಕ 40ರಿಂದಲೇ ವರ್ಷಾ ಮ್ಯಾಮೋಗ್ರಾಂ (ಎದೆಯ ಎಕ್ಸ್‌ರೇ) ಮಾಡಿಸುತ್ತಾಳೆ. ನಾನು ಒಮ್ಮೆಯೂ ಮಾಡಿಸಿಲ್ಲ ಅಂತ ಬೈತಾಳೆ. ಇಲ್ಲಿ ನನಗೆ ಬಂದಿದ್ದು ಒಂದು ಲ್ಯಾಬ್‌ನ 'ಲೇಡೀಸ್ ಪ್ಯಾಕೇಜ್' ಕರಪತ್ರ ಅಷ್ಟೇ. ರಕ್ತ ಪರೀಕ್ಷೆಯಿಂದಲೇ ಕ್ಯಾನ್ಸರ್ ಗೊತ್ತಾಗುತ್ತೆ ಅಂತ ಅದರಲ್ಲಿದೆ. ನಮ್ಮನೆಯವರು 'ಏನೂ ತ್ರಾಸಿಲ್ಲ ಅಂದಮೇಲೆ ಯಾಕೆ' ಅಂತಾರೆ. ಅಣ್ಣಿಗೇರಿಯಲ್ಲಿ ಅತ್ತೆ ಇದ್ದಾರೆ, 68 ವರ್ಷ. ಯಾವ ದೇಶದ ಮಾತು ಖರೆ? ನಾವೇನು ಮಾಡಬೇಕು?

ಉತ್ತರ: ಅಕ್ಕೋರೆ, ಮೊದಲು ನಿಮ್ಮ ಮನೆಯವರ ಮಾತಿಗೆ ಉತ್ತರ ಕೊಟ್ಟುಬಿಡುತ್ತೇನೆ. ತ್ರಾಸು ಇದ್ದವರು ಮಾಡಿಸುವುದು ಚಿಕಿತ್ಸೆಗೆ ಬೇಕಾದ ತಪಾಸಣೆ. ಸ್ಕ್ರೀನಿಂಗ್ ಇರುವುದೇ ತ್ರಾಸು ಇಲ್ಲದವರಿಗೆ. ಎದೆಯಲ್ಲಿ ಗಂಟು ಸಿಕ್ಕಿದೆ, ಮುಟ್ಟಿನ ನಡುವೆ ರಕ್ತ ಹೋಗುತ್ತಿದೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣುತ್ತಿದೆ ಅಂದರೆ ವಯಸ್ಸು, ದೇಶ, ಯಾವ ನಿಯಮವನ್ನೂ ನೋಡುವ ಹಾಗಿಲ್ಲ. ಆ ವಾರವೇ ಡಾಕ್ಟರ ಹತ್ತಿರ ಹೋಗಬೇಕು. ಕೆಳಗೆ ಬರೆಯುವ ಅಷ್ಟೂ ಲೆಕ್ಕ ಏನೂ ಇಲ್ಲದೆ ಆರಾಮಿರುವವರದ್ದು.

ಇನ್ನು ಯಾರ ಮಾತು ಖರೆ? ಎಲ್ಲರದ್ದೂ ಅವರವರ ಊರಿಗೆ ಖರೆ. ವಿಜ್ಞಾನ ಎಲ್ಲಾ ಕಡೆ ಒಂದೇ. ಬೇರೆ ಇರುವುದು ರೋಗ ಎಷ್ಟಿದೆ, ದುಡ್ಡು ಯಾರದು, ಪರೀಕ್ಷೆಯಲ್ಲಿ ಏನೋ ಕಂಡರೆ ಮುಂದೆ ಯಾರು ಕೈ ಹಿಡಿಯುತ್ತಾರೆ ಅನ್ನುವುದು. ನಿಮ್ಮ ಕೈಗೆ ಕರಪತ್ರ, ಮಗಳ ಕೈಗೆ ಪತ್ರ ಬಂದಿದ್ದಕ್ಕೆ ಈ ಕೊನೆಯದೇ ಕಾರಣ.

ಗರ್ಭಚೀಲದ ಬಾಯಿಯ ಕ್ಯಾನ್ಸರ್‌ನಿಂದ ಶುರು ಮಾಡೋಣ, ಯಾಕೆಂದರೆ ಇದು ನಿಜವಾಗಿ ತಡೆಯಬಹುದಾದ ಕ್ಯಾನ್ಸರ್. ಹೆಚ್ಚುಕಡಿಮೆ ಎಲ್ಲಾ ಸಲ ಇದಕ್ಕೆ ಕಾರಣ ಎಚ್‌ಪಿವಿ ಅನ್ನುವ ವೈರಸ್. ಲೈಂಗಿಕ ಸಂಪರ್ಕದಿಂದ ಬರುತ್ತೆ, ಬಹಳ ಸಾಮಾನ್ಯ. ಬಂದರೆ ಯಾರ ನಡತೆಯ ಮೇಲೂ ಅನುಮಾನ ಪಡಬೇಕಾಗಿಲ್ಲ. ಹೆಚ್ಚಿನವರಲ್ಲಿ ಎರಡು ವರ್ಷದೊಳಗೆ ತಾನೇ ಹೋಗುತ್ತೆ. ಕೆಲವರಲ್ಲಿ ಮಾತ್ರ ಕೂತುಬಿಡುತ್ತೆ. ಹಾಗೆ ಕೂತದ್ದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಅಷ್ಟು ವರ್ಷದ ಒಳಗೆ ಒಮ್ಮೆ ನೋಡಿ, ಕೆಟ್ಟ ಪದರವನ್ನು ಸುಟ್ಟು ತೆಗೆದರೆ ಕ್ಯಾನ್ಸರ್ ಆಗುವುದನ್ನು ಬಹುತೇಕ ತಡೆಯಬಹುದು.

20ರ ಆಸುಪಾಸಿನ ಹುಡುಗಿಯರಿಗೆ ಎಚ್‌ಪಿವಿ ಪರೀಕ್ಷೆ ಮಾಡಿದರೆ ತಾನೇ ಹೋಗುವ ವೈರಸ್ಸೇ ಸಿಗುತ್ತೆ, ಸುಮ್ನೆ ಹೆದರಿಕೆ. ಹಾಗಾಗಿ ಇಂಗ್ಲೆಂಡ್ 25ರಿಂದ 64ರವರೆಗೆ ಕರೆಯುತ್ತೆ. ಆಸ್ಟ್ರೇಲಿಯಾ 25ರಿಂದ 74. ನೆದರ್ಲೆಂಡ್ಸ್ ಶುರು ಮಾಡುವುದೇ 30ಕ್ಕೆ. ಅಮೆರಿಕ 21ಕ್ಕೆ ಶುರು ಮಾಡುತ್ತೆ, ಆದರೆ 29ರವರೆಗೆ ವೈರಸ್ ಹುಡುಕಲ್ಲ, ಮೂರು ವರ್ಷಕ್ಕೊಮ್ಮೆ ಪ್ಯಾಪ್ ಟೆಸ್ಟ್ ಮಾಡಿ ಜೀವಕೋಶ ನೋಡುತ್ತೆ. ಜಪಾನ್ 20ರಿಂದಲೇ ಎರಡು ವರ್ಷಕ್ಕೊಮ್ಮೆ ಅನ್ನುತ್ತೆ, ಆದರೆ ಅಲ್ಲಿ ಅರ್ಧದಷ್ಟು ಹೆಂಗಸರೂ ಹೋಗಲ್ಲ.

ಹತ್ತು ವರ್ಷದಲ್ಲಿ ಬಹಳ ಕಡೆ ಪ್ಯಾಪ್ ಹಿಂದೆ ಸರಿದು ಎಚ್‌ಪಿವಿ ಪರೀಕ್ಷೆ ಮುಂದೆ ಬಂದಿದೆ. ಆಸ್ಟ್ರೇಲಿಯಾದಲ್ಲಿ ಎರಡು ವರ್ಷಕ್ಕೊಮ್ಮೆ ಪ್ಯಾಪ್ ಇತ್ತು. 2017ರ ಡಿಸೆಂಬರ್‌ನಿಂದ ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಆಯಿತು. 2022ರಿಂದ ಅಲ್ಲಿನ ಹೆಂಗಸರು ಬೇಕಿದ್ದರೆ ತಾವೇ ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು ಕೊಡಬಹುದು. ಯಾರ ಮುಂದೆಯೂ ಕಾಲು ಮಡಚಿ ಮಲಗಬೇಕಿಲ್ಲ. ಇಂಗ್ಲೆಂಡ್ ಕೂಡ 2025ರ ಜುಲೈನಿಂದ, ವೈರಸ್ ಇಲ್ಲ ಅಂತ ಬಂದ ಕಿರಿಯರಿಗೆ ಮೂರರ ಬದಲು ಐದು ವರ್ಷ ಮಾಡಿತು. ಅಂತರ ಜಾಸ್ತಿ ಆಯಿತು ಅಂತ ಮಗಳು ಗಾಬರಿಯಾದರೆ ಹೇಳಿ: ಪರೀಕ್ಷೆ ಚೆನ್ನಾಗಿರುವುದರಿಂದಲೇ ಅಷ್ಟು ಸಮಯ ಕೊಟ್ಟಿದ್ದಾರೆ.

ಮಗಳ ವಿಷಯದಲ್ಲಿ ಇನ್ನೊಂದು ಮಾತು. ಇಂಗ್ಲೆಂಡಿನಲ್ಲಿ ಶಾಲೆಯ ಹುಡುಗಿಯರಿಗೆ 2008ರಿಂದ ಎಚ್‌ಪಿವಿ ಲಸಿಕೆ ಹಾಕುತ್ತಿದ್ದಾರೆ. 12-13ರ ವಯಸ್ಸಿನಲ್ಲಿ ಹಾಕಿಸಿಕೊಂಡವರಲ್ಲಿ ಈ ಕ್ಯಾನ್ಸರ್ 87 ಪರ್ಸೆಂಟ್ ಕಡಿಮೆಯಾಗಿದೆ ಅಂತ 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ನಿಮ್ಮ ಮಗಳ ಪಕ್ಕದಲ್ಲಿ ಕೂತು ಕೆಲಸ ಮಾಡುವ ಅಲ್ಲಿಯ ಹುಡುಗಿಗೆ ಆ ಬಲ ಇದೆ. ಧಾರವಾಡದಲ್ಲಿ ಶಾಲೆ ಕಲಿತ ನಿಮ್ಮ ಮಗಳಿಗೆ ಬಹುಶಃ ಇಲ್ಲ. ಆದ್ದರಿಂದ 'ದೀಪಾವಳಿಗೆ ಊರಿಗೆ ಬಂದಾಗ ಮಾಡಿಸಿದರಾಯ್ತು' ಅಂತ ಬಿಡಬೇಡಿ. ಪತ್ರ ಬಂದಿದೆ, ಅಲ್ಲೇ ಹೋಗಲಿ. ಅಲ್ಲಿ ಮಾಡಿಸಿದರೆ ಹೆಸರು ಪಟ್ಟಿಯಲ್ಲಿ ಕೂರುತ್ತೆ, ಮುಂದಿನ ಸಲ ಅವರೇ ಕರೆಯುತ್ತಾರೆ. ಹುಬ್ಬಳ್ಳಿಯಲ್ಲಿ ಮಾಡಿಸಿದರೆ ರಿಪೋರ್ಟ್ ನಿಮ್ಮ ಕಪಾಟಿನಲ್ಲಿ ಕೂರುತ್ತೆ.

ನಮ್ಮಲ್ಲಿ ಏನೂ ಇಲ್ಲ ಅಂತಲ್ಲ. ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಮಾರ್ಗಸೂಚಿ ಮಾಡಿದೆ. 30ರಿಂದ 65 ವರ್ಷದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿ ಕ್ಯಾನ್ಸರ್ ಇದೆಯಾ ಅಂತ ಬಾಯಿ ನೋಡಬೇಕು. ಹೆಂಗಸರಿಗೆ ಎದೆಯನ್ನು ಕೈಯಿಂದ ಮುಟ್ಟಿ ನೋಡಬೇಕು, ಗರ್ಭಚೀಲದ ಬಾಯಿಗೆ ವಿಐಎ ಮಾಡಬೇಕು. ವಿಐಎ ಅಂದರೆ ಬಹಳ ಸರಳ. ವಿನೆಗರ್‌ನಲ್ಲಿ ಇರುತ್ತಲ್ಲ, ಅದೇ ಅಸಿಟಿಕ್ ಆಮ್ಲ, 3ರಿಂದ 5 ಪರ್ಸೆಂಟ್ ಅಷ್ಟೇ. ಹತ್ತಿಯಲ್ಲಿ ಅದ್ದಿ ಗರ್ಭಚೀಲದ ಬಾಯಿಗೆ ಹಚ್ಚುತ್ತಾರೆ. ಸ್ವಲ್ಪ ಚುರುಗುಟ್ಟಬಹುದು. ಒಂದು ನಿಮಿಷ ಕಾಯುತ್ತಾರೆ. ಬದಲಾದ ಜೀವಕೋಶ ಇದ್ದ ಜಾಗ ಬೆಳ್ಳಗೆ ಮಂದವಾಗಿ ಕಾಣುತ್ತೆ, ಉಳಿದದ್ದು ಗುಲಾಬಿಯಾಗೇ ಇರುತ್ತೆ. ಲ್ಯಾಬ್ ಬೇಡ, ವಾರಗಟ್ಟಲೆ ಕಾಯುವುದು ಬೇಡ. ಅಲ್ಲೇ ಬಿಸಿ ಉಪಕರಣದಿಂದ ಆ ಜಾಗ ಸುಡುವ ವ್ಯವಸ್ಥೆ ಇದ್ದರೆ ಒಂದೇ ಭೇಟಿಯಲ್ಲಿ ಕೆಲಸ ಮುಗಿಯುತ್ತೆ.

ಇದು ಬಡವರ ಪರೀಕ್ಷೆ ಅಂತ ಮೂಗು ಮುರಿಯುವವರಿದ್ದಾರೆ. ಮುಂಬೈಯ ಕೊಳೆಗೇರಿಗಳಲ್ಲಿ ಟಾಟಾ ಆಸ್ಪತ್ರೆಯವರು ಸುಮಾರು 1.5 ಲಕ್ಷ ಹೆಂಗಸರ ಮೇಲೆ ಅಧ್ಯಯನ ಮಾಡಿದರು. ವಿಐಎ ಮಾಡಿದ್ದು ಡಾಕ್ಟರಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಎರಡು ವರ್ಷಕ್ಕೊಮ್ಮೆ ಮಾಡಿದ ಕಡೆ ಈ ಕ್ಯಾನ್ಸರ್‌ನ ಸಾವು 31 ಪರ್ಸೆಂಟ್ ಇಳಿಯಿತು. ಆದರೆ ನಮ್ಮ ಗಡಿಯಾಚೆಯ ಉಸ್ಮಾನಾಬಾದ್ ಜಿಲ್ಲೆಯ, ಅಂದರೆ ಈಗಿನ ಧಾರಾಶಿವದ ಹಳ್ಳಿಗಳಲ್ಲಿ ಇನ್ನೊಂದು ದೊಡ್ಡ ಅಧ್ಯಯನ ನಡೆದಿತ್ತು. 1.3 ಲಕ್ಷ ಹೆಂಗಸರು, 2009ರಲ್ಲಿ ಫಲಿತಾಂಶ ಬಂತು. ಅಲ್ಲಿ ಜೀವನದಲ್ಲಿ ಒಂದೇ ಸಲ ಮಾಡಿದ ಎಚ್‌ಪಿವಿ ಪರೀಕ್ಷೆ ಸಾವನ್ನು ಸುಮಾರು ಅರ್ಧ ಇಳಿಸಿತು. ಒಂದೇ ಸಲ ಮಾಡಿದ ವಿಐಎಯಿಂದ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ಎರಡನ್ನೂ ಒಟ್ಟಿಗೆ ಓದಿದರೆ ನನಗೆ ಅನಿಸುವುದು ಇಷ್ಟು: ವಿಐಎ ಮಾಡಿಸಿದರೆ ಪದೇ ಪದೇ ಮಾಡಿಸಬೇಕು, ನೋಡುವ ಕಣ್ಣು ಪಳಗಿರಬೇಕು. ವಿಶ್ವ ಆರೋಗ್ಯ ಸಂಸ್ಥೆ ವಿಐಎಗೆ ಮೂರು ವರ್ಷ ಅನ್ನುತ್ತೆ, ಎಚ್‌ಪಿವಿಗೆ ಐದರಿಂದ ಹತ್ತು. ನಮ್ಮ ಮಾರ್ಗಸೂಚಿಯಲ್ಲಿರುವ ಐದು ವರ್ಷ ವಿಐಎಗೆ ಸ್ವಲ್ಪ ಉದ್ದವೇ ಆಯಿತು.

ಹೇಳಬೇಕಾದ ಇನ್ನೊಂದು ವಿಷಯ ಇದೆ. ನಮ್ಮ ಕಡೆ ಬಿಳಿಮುಟ್ಟು ಅಂತ ಹೋದರೆ 'ಮುಂದೆ ಕ್ಯಾನ್ಸರ್ ಆಗುತ್ತೆ, ಗರ್ಭಚೀಲ ತೆಗೆಸಿಬಿಡಿ' ಅನ್ನುವವರು ಇದ್ದಾರೆ. 35-40ಕ್ಕೇ ತೆಗೆಸಿಕೊಂಡ ಎಷ್ಟೋ ಹೆಂಗಸರನ್ನು ಧಾರವಾಡ, ಗದಗ, ಹಾವೇರಿ ಮೂರೂ ಕಡೆ ನೋಡಬಹುದು. ಬರೀ ಹೆದರಿಕೆಗೆ ಚೀಲ ತೆಗೆಸುವುದು ಯಾವ ದೇಶದ ಸ್ಕ್ರೀನಿಂಗೂ ಅಲ್ಲ. ಹಾಗೆ ಯಾರಾದರೂ ಅಂದರೆ 'ಮೊದಲು ಎಚ್‌ಪಿವಿ ಅಥವಾ ಪ್ಯಾಪ್ ಮಾಡಿ ರಿಪೋರ್ಟ್ ಕೊಡಿ' ಅನ್ನಿ.

ಈಗ ನಿಮ್ಮ ಅಕ್ಕನ ಮ್ಯಾಮೋಗ್ರಾಂ. ಇಲ್ಲಿ ಜಗಳ ಜಾಸ್ತಿ. ಇಂಗ್ಲೆಂಡ್ 50ರಿಂದ 71ರವರೆಗೆ ಮೂರು ವರ್ಷಕ್ಕೊಮ್ಮೆ ಕರೆಯುತ್ತೆ. ಜರ್ಮನಿ 50ರಿಂದ 75, ಎರಡು ವರ್ಷಕ್ಕೊಮ್ಮೆ. ಸ್ವೀಡನ್ 40ಕ್ಕೇ ಶುರು. ಸ್ವಿಟ್ಜರ್ಲೆಂಡಿನಲ್ಲಿ 2014ರಲ್ಲಿ ಒಂದು ತಜ್ಞರ ಮಂಡಳಿ ಹೊಸದಾಗಿ ಇಂಥ ಕಾರ್ಯಕ್ರಮ ಶುರು ಮಾಡುವುದೇ ಬೇಡ ಅಂತ ಹೇಳಿ ಗದ್ದಲ ಎಬ್ಬಿಸಿತ್ತು. ಅಮೆರಿಕದ ಅಧಿಕೃತ ಕಾರ್ಯಪಡೆ 2009ರಲ್ಲಿ 50ರಿಂದ ಸಾಕು ಅಂತು, ಬೈಗುಳ ತಿಂತು, 2024ರಲ್ಲಿ ಮತ್ತೆ 40ಕ್ಕೆ ಇಳಿಯಿತು. ಆದರೆ ಅದೂ ಎರಡು ವರ್ಷಕ್ಕೊಮ್ಮೆ ಅನ್ನುತ್ತೆ. ವರ್ಷಾ ಮಾಡಿಸಿ ಅನ್ನುವುದು ಅಲ್ಲಿನ ರೇಡಿಯಾಲಜಿ ಡಾಕ್ಟರ ಸಂಘ. ಅಕ್ಕ ಆ ಸಂಘದ ಮಾತು ಕೇಳುತ್ತಿದ್ದಾರೆ. ಇನ್ಶೂರೆನ್ಸ್ ದುಡ್ಡು ಕೊಡುತ್ತೆ, ಮಾಡಿಸುತ್ತಾರೆ.

ಒಂದೇ ಅಂಕಿಯನ್ನು ಎರಡು ದೇಶ ಹೇಗೆ ಬೇರೆ ಓದುತ್ತವೆ ನೋಡಿ. ಬ್ರಿಟನ್ನಿನಲ್ಲೇ 1.6 ಲಕ್ಷ ಹೆಂಗಸರ ಅಧ್ಯಯನ ನಡೆಯಿತು. 40ರ ಆಸುಪಾಸಿನಿಂದ 48ರವರೆಗೆ ವರ್ಷಾ ಮ್ಯಾಮೋಗ್ರಾಂ ಮಾಡಿದರೆ ಏನಾಗುತ್ತೆ ಅಂತ ನೋಡಿದರು. ಸುಮಾರು 1,150 ಹೆಂಗಸರಿಗೆ ಅಷ್ಟು ವರ್ಷ ಮಾಡಿದರೆ ಒಂದು ಸಾವು ತಪ್ಪುತ್ತೆ ಅಂತ ಬಂತು. ಆ ಒಬ್ಬಳು ನನ್ನ ತಂಗಿ ಆದರೆ ಅಂತ ಒಬ್ಬರು ಯೋಚಿಸುತ್ತಾರೆ. ಉಳಿದ 1,149 ಜನರ ಓಡಾಟ, ಖರ್ಚು, ಹೆದರಿಕೆ ಯಾರು ನೋಡಬೇಕು ಅಂತ ಇನ್ನೊಬ್ಬರು. ಎರಡೂ ಸರಿಯೇ, ಅಲ್ವಾ?

ಹೆದರಿಕೆ ಅಂದೆನಲ್ಲ, ಅದು ಸಣ್ಣದಲ್ಲ. ಇಂಗ್ಲೆಂಡಿನಲ್ಲಿ 100 ಜನರಿಗೆ ಮ್ಯಾಮೋಗ್ರಾಂ ಮಾಡಿದರೆ ಸುಮಾರು 4 ಜನರನ್ನು ವಾಪಸ್ ಕರೆಯುತ್ತಾರೆ. ಅವರಲ್ಲಿ ಒಬ್ಬರಿಗೆ ಕ್ಯಾನ್ಸರ್ ಇರುತ್ತೆ. ಅಮೆರಿಕದಲ್ಲಿ ವಾಪಸ್ ಕರೆಯುವುದು 10 ಜನರ ಹತ್ತಿರ. ಅಲ್ಲಿ ಕೇಸು ಬೀಳುವ ಭಯ, ಡಾಕ್ಟರಿಗೆ ಸಣ್ಣ ಚುಕ್ಕೆಯನ್ನೂ ಬಿಡಲು ಧೈರ್ಯ ಇಲ್ಲ. ಇನ್ನೊಂದು ತೊಂದರೆ, ಸಾಯುವವರೆಗೂ ಏನೂ ಮಾಡದೆ ಸುಮ್ಮನೆ ಇರುತ್ತಿದ್ದ ಕ್ಯಾನ್ಸರ್‌ಗಳೂ ಕಣ್ಣಿಗೆ ಬೀಳುತ್ತವೆ. ಕಂಡ ಮೇಲೆ ಬಿಡಲಾಗಲ್ಲ. ಆಪರೇಷನ್ನು, ಕರೆಂಟು ಎಲ್ಲಾ ಆಗುತ್ತೆ. ಬ್ರಿಟನ್ನಿನ ಸ್ವತಂತ್ರ ಸಮಿತಿಯೊಂದು 2012ರಲ್ಲಿ ಲೆಕ್ಕ ಹಾಕಿತು: ತಪ್ಪಿದ ಒಂದು ಸಾವಿಗೆ ಸುಮಾರು ಮೂರು ಜನ ಹೀಗೆ ಬೇಡದ ಚಿಕಿತ್ಸೆ ಪಡೆಯುತ್ತಾರೆ. ಆದರೂ ಕಾರ್ಯಕ್ರಮ ಇರಲಿ ಅಂತಲೇ ಸಮಿತಿ ಹೇಳಿತು. ಈ ಅಂಕಿಯನ್ನು ಅಲ್ಲಿ ಪತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಹೆಂಗಸರಿಗೇ ತಿಳಿಸುತ್ತಾರೆ. ನನಗೆ ಇದು ಬಹಳ ಹಿಡಿಸಿದ ಪದ್ಧತಿ.

ದಕ್ಷಿಣ ಕೊರಿಯಾದ ಕಥೆ ಕೇಳಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತೆ. ಅಲ್ಲಿ ಬೇರೆ ಕ್ಯಾನ್ಸರ್‌ಗಳ ಸರ್ಕಾರಿ ಸ್ಕ್ರೀನಿಂಗ್ ಜೊತೆಗೆ ಸ್ವಲ್ಪ ಹೆಚ್ಚು ದುಡ್ಡು ಕೊಟ್ಟರೆ ಕುತ್ತಿಗೆಯ ಸ್ಕ್ಯಾನಿಂಗೂ ಮಾಡಿಕೊಡುತ್ತಿದ್ದರು. 1993ರಿಂದ 2011ರ ಒಳಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ 15 ಪಟ್ಟು ಏರಿತು. ಸಾವಿನ ಸಂಖ್ಯೆ ಮಾತ್ರ ಇದ್ದಲ್ಲೇ ಇತ್ತು. ಸಾವಿರಾರು ಜನ, ಅದರಲ್ಲೂ ಹೆಂಗಸರು, ಥೈರಾಯ್ಡ್ ಗ್ರಂಥಿ ತೆಗೆಸಿಕೊಂಡು ಜೀವನಪೂರ್ತಿ ಗುಳಿಗೆ ನುಂಗುವ ಹಾಗಾಯಿತು. ಪರೀಕ್ಷೆ ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅನ್ನುವವರಿಗೆ ನಾನು ಇದನ್ನೇ ಹೇಳುವುದು.

ನಮ್ಮ ದೇಶದ ಚಿತ್ರ ಬೇರೆ. ವಯಸ್ಸಿನ ವ್ಯತ್ಯಾಸ ಸರಿದೂಗಿಸಿ ನೋಡಿದರೆ ಇಂಗ್ಲೆಂಡ್, ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ 90ಕ್ಕೂ ಜಾಸ್ತಿ ಜನರಿಗೆ ಸ್ತನ ಕ್ಯಾನ್ಸರ್ ಬರುತ್ತೆ, ನಮ್ಮಲ್ಲಿ 26ರ ಆಸುಪಾಸು. ಹಾಗಂತ ಸಮಾಧಾನ ಪಡುವ ಹಾಗಿಲ್ಲ. 2022ರ ಅಂದಾಜಿನ ಪ್ರಕಾರ ಭಾರತದಲ್ಲಿ ಹೊಸದಾಗಿ 1.92 ಲಕ್ಷ ಜನರಿಗೆ ಬಂತು, 98 ಸಾವಿರ ಜನ ಸತ್ತರು. ಇಬ್ಬರಿಗೆ ಬಂದರೆ ಒಬ್ಬಳು ಹೋದ ಲೆಕ್ಕ. ಬರುವುದು ಕಡಿಮೆ, ಬಂದವರು ದವಾಖಾನೆಗೆ ಬರುವುದು ತಡ. ಗಂಟು ನಿಂಬೆಹಣ್ಣಿನಷ್ಟಾಗಿ, ಚರ್ಮ ಒಳಗೆ ಎಳೆದುಕೊಂಡ ಮೇಲೆ 'ಸುಗ್ಗಿ ಮುಗಿಯಲಿ ಅಂತ ಬಿಟ್ಟಿದ್ದೆ ರೀ' ಅನ್ನುವವರು ಈಗಲೂ ಬರುತ್ತಾರೆ. ಅವರಿಗೆ ಬೇಕಿದ್ದದ್ದು ಅಕ್ಕಿಕಾಳಿನಷ್ಟು ಚುಕ್ಕೆ ಹುಡುಕುವ ಯಂತ್ರ ಅಲ್ಲ. ಎರಡು ವರ್ಷ ಮೊದಲು ಒಬ್ಬ ನರ್ಸಮ್ಮ ಐದು ನಿಮಿಷ ಕೈಯಿಂದ ಮುಟ್ಟಿ ನೋಡಿದ್ದರೆ ಸಾಕಿತ್ತು.

ಮುಂಬೈಯಲ್ಲಿ ಅದನ್ನೂ ಅಳೆದು ನೋಡಿದ್ದಾರೆ. ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷಿಸಿದರು. 2021ರಲ್ಲಿ ಬಂದ ಇಪ್ಪತ್ತು ವರ್ಷದ ಲೆಕ್ಕದಲ್ಲಿ, 50 ದಾಟಿದವರಲ್ಲಿ ಸಾವು ಸುಮಾರು 30 ಪರ್ಸೆಂಟ್ ಇಳಿದಿತ್ತು. 50ರ ಒಳಗಿನವರಲ್ಲಿ ಆ ಲಾಭ ಕಾಣಲಿಲ್ಲ. ಮ್ಯಾಮೋಗ್ರಾಂ ಕೂಡ ಚಿಕ್ಕ ವಯಸ್ಸಿನವರಲ್ಲಿ ಅಷ್ಟು ಚೆನ್ನಾಗಿ ಹಿಡಿಯಲ್ಲ. ಆ ವಯಸ್ಸಿಗೆ ಸ್ತನ ದಟ್ಟವಾಗಿರುತ್ತೆ. ಚಿತ್ರದಲ್ಲಿ ದಟ್ಟ ಭಾಗವೂ ಬಿಳಿ, ಗಂಟೂ ಬಿಳಿ. ನಮ್ಮಲ್ಲಿ ಈ ಕ್ಯಾನ್ಸರ್ ಬರುವುದು ಇಂಗ್ಲೆಂಡ್, ಅಮೆರಿಕದವರಿಗಿಂತ ಸುಮಾರು ಹತ್ತು ವರ್ಷ ಮೊದಲು. ಅದೇ ತೊಡಕು.

ಹಾಗಾದರೆ ಪತ್ರ? 1960ರ ದಶಕದಲ್ಲಿ ಫಿನ್ಲೆಂಡ್ ಒಂದು ಸರಳ ಕೆಲಸ ಮಾಡಿತು. ಎಲ್ಲಾ ಹೆಂಗಸರ ಪಟ್ಟಿ ಇಟ್ಟುಕೊಂಡು ಐದು ವರ್ಷಕ್ಕೊಮ್ಮೆ ಪತ್ರ ಕಳಿಸಿ ಪ್ಯಾಪ್‌ಗೆ ಕರೆಯಿತು. ಬೇರೆ ದೇಶಗಳ ಶ್ರೀಮಂತ ಹೆಂಗಸರು ವರ್ಷಾ ಮಾಡಿಸುತ್ತಿದ್ದ ಕಾಲ ಅದು. ಆದರೂ ಗರ್ಭಚೀಲದ ಬಾಯಿಯ ಕ್ಯಾನ್ಸರ್ ಅತಿ ಕಡಿಮೆ ಇರುವ ದೇಶಗಳ ಸಾಲಿಗೆ ಫಿನ್ಲೆಂಡ್ ಸೇರಿತು. ಬಿಟ್ಟುಹೋದವರು ಯಾರು ಅಂತ ಅವರಿಗೆ ಗೊತ್ತಿತ್ತು, ಅಷ್ಟೇ. ನಿಮ್ಮ ಮಗಳು ಲೀಡ್ಸ್‌ನ ಡಾಕ್ಟರ ಹತ್ತಿರ ಹೆಸರು ಬರೆಸಿದ ದಿನವೇ ಅಂಥ ಪಟ್ಟಿಗೆ ಸೇರಿದಳು. ಹಾಗಂತ ಅಲ್ಲೂ ಎಲ್ಲರೂ ಹೋಗಲ್ಲ, ಮೂರರಲ್ಲಿ ಒಬ್ಬರ ಹತ್ತಿರ ತಪ್ಪಿಸಿಕೊಳ್ಳುತ್ತಾರೆ. ನಾಚಿಕೆ ನಮ್ಮೂರಿನದ್ದಷ್ಟೇ ಅಲ್ಲ.

ನಮ್ಮಲ್ಲಿ ಪಟ್ಟಿ ಆಶಾ ಕಾರ್ಯಕರ್ತೆಯ ಕೈಯಲ್ಲಿರುತ್ತೆ. 30 ದಾಟಿದ ಪ್ರತಿಯೊಬ್ಬರಿಗೂ ಅವಳು ಒಂದು ಫಾರಂ ತುಂಬಬೇಕು. ಎದೆಯಲ್ಲಿ ಗಂಟು ಇದೆಯಾ, ಮೊಲೆತೊಟ್ಟಿನಿಂದ ರಕ್ತ ಬರುತ್ತಾ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತಾ, ಸೇರಿದ ಮೇಲೆ ರಕ್ತ ಬರುತ್ತಾ, ಎಲ್ಲಾ ಅದರಲ್ಲಿದೆ. ಈ ಪ್ರಶ್ನೆ ಕೇಳುವುದು ಎಲ್ಲಿ? ಕಟ್ಟೆಯ ಮೇಲೆ. ಪಕ್ಕದಲ್ಲಿ ಅತ್ತೆ ಜೋಳ ಹಸನು ಮಾಡುತ್ತಿರುತ್ತಾರೆ, ಮೈದುನ ಬೈಕ್ ಒರೆಸುತ್ತಿರುತ್ತಾನೆ. ಸೊಸೆ ಏನಂತಾಳೆ? 'ಏನೂ ಇಲ್ರಿ.' ಫಾರಂ ತುಂಬಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49ರ ಹೆಂಗಸರಲ್ಲಿ ಒಮ್ಮೆಯಾದರೂ ಗರ್ಭಚೀಲದ ಬಾಯಿಯ ಪರೀಕ್ಷೆ ಆದವರು ದೇಶದಲ್ಲಿ 1.9 ಪರ್ಸೆಂಟ್. ಎದೆ ಪರೀಕ್ಷೆ 0.9. ವಿಶ್ವ ಆರೋಗ್ಯ ಸಂಸ್ಥೆ 2030ರ ಹೊತ್ತಿಗೆ ಕೇಳುತ್ತಿರುವುದು 70 ಪರ್ಸೆಂಟ್: 35ರೊಳಗೆ ಒಮ್ಮೆ, 45ರೊಳಗೆ ಇನ್ನೊಮ್ಮೆ.

ಬಾಯಿ ಕ್ಯಾನ್ಸರ್ ಪರೀಕ್ಷೆ ಯುರೋಪಿನ, ಅಮೆರಿಕದ ಕಾರ್ಯಕ್ರಮಗಳಲ್ಲಿ ಇಲ್ಲ. ನಮ್ಮಲ್ಲಿ ಇರಲೇಬೇಕು. ಎಲೆ-ಅಡಿಕೆ-ತಂಬಾಕು ಹಾಕುವವರು, ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುವವರು ನಮ್ಮ ಹೆಂಗಸರಲ್ಲಿ ಕಡಿಮೆ ಇಲ್ಲ. ಒಂದು ಟಾರ್ಚ್ ಸಾಕು ಇದಕ್ಕೆ.

ಕರಪತ್ರದ ಪ್ಯಾಕೇಜ್ ಬೇಡ. ಅದರಲ್ಲಿ ಸಿಎ-125 ಅನ್ನುವ ರಕ್ತ ಪರೀಕ್ಷೆ ಇದ್ದೇ ಇರುತ್ತೆ, ಅಂಡಾಶಯದ ಕ್ಯಾನ್ಸರ್ ಹಿಡಿಯುತ್ತೆ ಅಂತ. ಬ್ರಿಟನ್ನಿನಲ್ಲಿ 2 ಲಕ್ಷ ಹೆಂಗಸರ ಮೇಲೆ ಇದನ್ನು ವರ್ಷಾನುಗಟ್ಟಲೆ ಪರೀಕ್ಷಿಸಿ ನೋಡಿದರು. 2021ರ ಕೊನೆಯ ಫಲಿತಾಂಶ: ಸಾವು ಕಡಿಮೆ ಆಗಲಿಲ್ಲ. ಮುಟ್ಟಿನ ದಿನಗಳಲ್ಲಿ, ಫೈಬ್ರಾಯ್ಡ್ (ಗರ್ಭಚೀಲದ ಗಡ್ಡೆ) ಇದ್ದರೆ ಕೂಡ ಈ ಅಂಕಿ ಏರುತ್ತೆ. ಆಮೇಲೆ ಸ್ಕ್ಯಾನಿಂಗು, ನಿದ್ದೆ ಇಲ್ಲದ ರಾತ್ರಿಗಳು. ಆರೋಗ್ಯವಾಗಿರುವ ಸಾಮಾನ್ಯ ಹೆಂಗಸರಿಗೆ ಇದನ್ನು ಮಾಡಿಸಿ ಅಂತ ಇಂಗ್ಲೆಂಡೂ ಹೇಳಲ್ಲ, ಅಮೆರಿಕವೂ ಹೇಳಲ್ಲ.

ನಿಮಗೆ ನನ್ನ ಸಲಹೆ ಹೀಗೆ. ಮೊದಲು ಎಚ್‌ಪಿವಿ ಪರೀಕ್ಷೆ. ಖಾಸಗಿಯಲ್ಲಿ ಸಿಗುತ್ತೆ. ವೈರಸ್ ಇಲ್ಲ ಅಂತ ಬಂದರೆ ಐದು ವರ್ಷ ನಿಶ್ಚಿಂತೆ. ಅಷ್ಟು ದುಡ್ಡು ಬೇಡ ಅನಿಸಿದರೆ ಧಾರವಾಡ ಜಿಲ್ಲಾಸ್ಪತ್ರೆ ಅಥವಾ ಹುಬ್ಬಳ್ಳಿಯ ಕಿಮ್ಸ್‌ನ (ಈಗ ಕೆಎಂಸಿಆರ್‌ಐ) ಸ್ತ್ರೀರೋಗ ವಿಭಾಗದಲ್ಲಿ ಕೇಳಿ, ವಿಐಎ ಅಥವಾ ಪ್ಯಾಪ್ ಮಾಡಿಸಿ. ಅದೇ ದಿನ ಎದೆಯನ್ನೂ ನೋಡಿ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಕೇಳದಿದ್ದರೆ ನೋಡದೇ ಕಳಿಸುವುದೂ ಉಂಟು. ಮ್ಯಾಮೋಗ್ರಾಂ ನಿಮ್ಮ ವಯಸ್ಸಿಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿದರೆ ತಪ್ಪಿಲ್ಲ. ಮಾಡಿಸದೆ 50ರವರೆಗೆ ಕಾದರೂ ಪಾಪವಲ್ಲ. ವರ್ಷಾ ಬೇಡ. ತಾಯಿಗೋ, ಅಕ್ಕತಂಗಿಗೋ 50ರೊಳಗೆ ಸ್ತನ ಕ್ಯಾನ್ಸರ್ ಅಥವಾ ಯಾವ ವಯಸ್ಸಿಗಾದರೂ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಈ ಲೆಕ್ಕ ನಿಮಗೆ ಅಲ್ಲ. ಆಗ ಚಿಗರಿ ಬಸ್ ಹತ್ತಿ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಬೇರೆಯೇ ಯೋಜನೆ ಮಾಡಿಸಬೇಕು. ಮ್ಯಾಮೋಗ್ರಾಂ ಫಿಲ್ಮ್ ಅಥವಾ ಸಿಡಿ ಎಸೆಯಬೇಡಿ. ಮುಂದಿನ ಸಲ ಹಳೆಯದರ ಜೊತೆ ಹೋಲಿಸಿ ನೋಡಿದರೆ ಅನುಮಾನದ ಚುಕ್ಕೆಗಳು ಎಷ್ಟೋ ಅಲ್ಲೇ ಬಗೆಹರಿಯುತ್ತವೆ. ಮುಂದಿನ ತಾರೀಕನ್ನು ಮೊಬೈಲ್‌ನಲ್ಲಿ ಈಗಲೇ ಹಾಕಿಡಿ, ಇಲ್ಲಿ ನಿಮ್ಮನ್ನು ಕರೆಯುವವರು ನೀವೇ. ಸಾಧ್ಯವಾದರೆ ಸ್ಟಾಫ್ ರೂಮಿನ ಉಳಿದ ಅಕ್ಕೋರನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಹೋಗಲು ಮುಜುಗರ ಪಡುವವರು ನಾಲ್ಕು ಜನ ಇದ್ದರೆ ನಗುತ್ತಾ ಹೋಗುತ್ತಾರೆ.

ಅತ್ತೆಯ ವಿಷಯ ನೀವು ಕೊನೆಗೆ ಬರೆದಿದ್ದೀರಿ, ಆದರೆ ನನಗೆ ಅವರದ್ದೇ ಜಾಸ್ತಿ ಚಿಂತೆ. ಇಂಗ್ಲೆಂಡ್ 64ಕ್ಕೆ, ಅಮೆರಿಕ 65ಕ್ಕೆ ಗರ್ಭಚೀಲದ ಬಾಯಿಯ ಪರೀಕ್ಷೆ ನಿಲ್ಲಿಸುತ್ತವೆ ಅಂತ ಕೇಳಿ 'ಅವರಿಗೆ ವಯಸ್ಸಾಯ್ತು, ಬೇಡ' ಅಂದುಕೊಳ್ಳಬೇಡಿ. ಅದು ಅಲ್ಲಿಯವರೆಗೆ ಸರಿಯಾಗಿ ಮಾಡಿಸಿಕೊಂಡು, ಎಲ್ಲವೂ ನಾರ್ಮಲ್ ಬಂದವರಿಗೆ ಮಾಡಿದ ನಿಯಮ. ಒಮ್ಮೆಯೂ ಮಾಡಿಸದವರು 65 ದಾಟಿದ ಮೇಲೂ ಕೇಳಿ ಮಾಡಿಸಿಕೊಳ್ಳಬಹುದು ಅಂತ ಇಂಗ್ಲೆಂಡಿನಲ್ಲೇ ಇದೆ. ಅತ್ತೆಗೆ ವಿಐಎ ಬೇಡ. ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದಿರುತ್ತೆ, ಹೊರಗಿನಿಂದ ನೋಡಿ 'ಸರಿ ಇದೆ' ಅಂದರೆ ನಂಬುವ ಹಾಗಿಲ್ಲ. ಒಂದು ಸಲ ಎಚ್‌ಪಿವಿ ಮಾಡಿಸಿ, ಎದೆ ಮತ್ತು ಬಾಯಿ ತೋರಿಸಿ. ಬರಲ್ಲ ಅಂದರೆ ಮಾದರಿಯನ್ನು ಅವರೇ ತೆಗೆದುಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ಜೊತೆಗೆ ಇನ್ನೊಂದನ್ನು ನೀವೇ ಒಬ್ಬರೇ ಇದ್ದಾಗ ಕೇಳಬೇಕು, ಮಗನ ಮುಂದೆ ಅವರು ಹೇಳಲ್ಲ: ಮುಟ್ಟು ನಿಂತ ಮೇಲೆ ಯಾವಾಗಲಾದರೂ ಕಲೆ ಕಂಡಿದೆಯಾ? ಹೌದು ಅಂದರೆ ಸ್ಕ್ರೀನಿಂಗ್ ಮಾತು ಅಲ್ಲಿಗೆ ಮುಗಿಯಿತು. ಆ ವಾರವೇ ಅಣ್ಣಿಗೇರಿಯಿಂದ ಹುಬ್ಬಳ್ಳಿಗೆ ಕರೆದುಕೊಂಡು ಬನ್ನಿ.